ಕಾಂಟ್ಯಾಕ್ಟ್ ಲೆನ್ಸ್‌ಗೆ ಕನ್ನಡಕದ ಚೀಟಿ ಸಾಲದು

ಕನ್ನಡಕದ ಚೀಟಿಯನ್ನೇ ತೋರಿಸಿ ಕಾಂಟ್ಯಾಕ್ಟ್ ಲೆನ್ಸ್ ಕೊಳ್ಳುವ ತಪ್ಪನ್ನು ನಾನೂ ಮಾಡಿದ್ದೇನೆ. ಚೀಟಿಯಲ್ಲಿ ಮೈನಸ್ 6 ಎಂದಿತ್ತು, ಅಂಗಡಿಯವರು ಮೈನಸ್ 6ರ ಲೆನ್ಸನ್ನೇ ಕೊಟ್ಟರು, ವಾರ ಕಳೆಯುವುದರೊಳಗೆ ಸಂಜೆಯಾದರೆ ತಲೆನೋವು ಶುರುವಾಯಿತು. ಕನ್ನಡಕದ ಗಾಜು ಕಣ್ಣಿನಿಂದ ಸುಮಾರು 12 ಮಿಲಿಮೀಟರ್ ದೂರದಲ್ಲಿರುತ್ತದೆ. ಲೆನ್ಸ್ ಕಣ್ಣಿನ ಮೇಲೆಯೇ ಕೂರುತ್ತದೆ. ಆದ್ದರಿಂದ ಕನ್ನಡಕದ ಮೈನಸ್ 6 ಲೆನ್ಸಿನಲ್ಲಿ ಸುಮಾರು ಮೈನಸ್ 5.5 ಆಗುತ್ತದೆ. ಪವರ್ 4ಕ್ಕಿಂತ ಕಡಿಮೆಯಿದ್ದರೆ ಈ ವ್ಯತ್ಯಾಸ ಲೆಕ್ಕಕ್ಕೆ ಬರುವಷ್ಟಿರುವುದಿಲ್ಲ. ಆದರೆ ಲೆನ್ಸಿನ ಅಳತೆ ಕಣ್ಣಿಗೆ ಹೊಂದುತ್ತದೆಯೇ ಎಂಬ ಪ್ರಶ್ನೆ ಎಲ್ಲರಿಗೂ ಇದ್ದೇ ಇರುತ್ತದೆ, ಅದಕ್ಕೆ ಕನ್ನಡಕದ ಚೀಟಿಯಲ್ಲಿ ಉತ್ತರವಿಲ್ಲ, ಬೇರೆಯೇ ಪರೀಕ್ಷೆ ಬೇಕು.

ಮೂಡಿಗೆರೆ, ಕೊಪ್ಪ, ಬಾಳೆಹೊನ್ನೂರಿನ ಕಡೆಯಿಂದ ಚಿಕ್ಕಮಗಳೂರಿಗೆ ಬಸ್ಸು ಹತ್ತುವ ಮೊದಲು ಅಲ್ಲಿನ ಕಣ್ಣಿನ ವೈದ್ಯರಲ್ಲಿಗೆ ಫೋನ್ ಮಾಡಿ, ಲೆನ್ಸ್ ಅಳವಡಿಸಿ ನೋಡುವ ವ್ಯವಸ್ಥೆ ಇದೆಯೇ, ನಿಮ್ಮ ಪವರಿಗೆ ಹತ್ತಿರದ ಟ್ರಯಲ್ ಲೆನ್ಸ್ ಸಿಗುತ್ತದೆಯೇ ಎಂದು ಕೇಳಿಕೊಳ್ಳಿ. ಇಲ್ಲದಿದ್ದರೆ ಒಂದು ದಿನ ಸುಮ್ಮನೆ ಹಾಳಾಗುತ್ತದೆ. ಹಳೆಯ ಚೀಟಿ, ಈಗಿನ ಕನ್ನಡಕ, ನುಂಗುತ್ತಿರುವ ಮಾತ್ರೆಗಳ ಹೆಸರು ಜೊತೆಗಿರಲಿ. ಸಕ್ಕರೆ ಕಾಯಿಲೆ, ಅಲರ್ಜಿ, ಆಗಾಗ ಕಣ್ಣು ಉಜ್ಜುವ ಅಭ್ಯಾಸ ಇವುಗಳನ್ನು ಮುಚ್ಚಿಡಬೇಡಿ. ಈಗಾಗಲೇ ಲೆನ್ಸ್ ಹಾಕುತ್ತಿರುವವರು ಎಷ್ಟು ದಿನ ಮೊದಲೇ ನಿಲ್ಲಿಸಬೇಕೆಂದೂ ಕೇಳಬೇಕು, ಏಕೆಂದರೆ ಲೆನ್ಸ್ ಕೂತ ಕಣ್ಣಿನ ಉಬ್ಬು ತಾತ್ಕಾಲಿಕವಾಗಿ ಬದಲಾಗಿರಬಹುದು.

ಅಕ್ಷರ ಓದಿಸಿ ಪವರ್ ನೋಡುವ ಭಾಗ ನಿಮಗೆ ಗೊತ್ತೇ ಇದೆ. ಹೊಸದೆಂದರೆ ಕರಿಗುಡ್ಡೆಯ ಮೇಲಿನ ಪಾರದರ್ಶಕ ಪೊರೆಯಾದ ಕಾರ್ನಿಯಾದ ಬಾಗನ್ನು ಯಂತ್ರದಲ್ಲಿ ಅಳೆಯುವುದು. ಆ ಬಳಿಕ ಕಣ್ಣನ್ನು ದೊಡ್ಡದಾಗಿ ತೋರಿಸುವ ಸ್ಲಿಟ್ ಲ್ಯಾಂಪ್ ಎಂಬ ಯಂತ್ರದ ಮುಂದೆ ಗಲ್ಲ ಊರಿಸಿ ಕೂರಿಸುತ್ತಾರೆ, ರೆಪ್ಪೆಯನ್ನು ಮಗುಚಿ ಒಳಭಾಗ ನೋಡುತ್ತಾರೆ, ಹಳದಿ ಬಣ್ಣ ತಾಗಿಸಿ ಕಣ್ಣೀರಿನ ಪದರ ಎಷ್ಟು ಸೆಕೆಂಡಿಗೆ ಒಡೆಯುತ್ತದೆ ಎಂದು ಎಣಿಸುತ್ತಾರೆ. ಹತ್ತು ಸೆಕೆಂಡಿಗೂ ಮೊದಲೇ ಒಡೆದರೆ ಕಣ್ಣು ಒಣಗುವ ಸ್ವಭಾವದ್ದಿರಬಹುದು. ಅಂಥವರಿಗೆ ವೈದ್ಯರು ‘ಸದ್ಯಕ್ಕೆ ಬೇಡ’ ಎಂದರೆ ಬೇಸರಪಡದೆ ಒಪ್ಪಿಕೊಳ್ಳುವುದು ಲೇಸು.

ನಿಜವಾದ ಕೆಲಸ ಶುರುವಾಗುವುದು ಟ್ರಯಲ್ ಲೆನ್ಸಿನಿಂದ. ಉಗುರು ಕತ್ತರಿಸಿಕೊಂಡು ಹೋಗಿ. ಕೈಯನ್ನು ಸೋಪಿನಿಂದ ತೊಳೆದು, ನೂಲು ಬಿಡದ ಬಟ್ಟೆಯಲ್ಲಿ ಪೂರ್ತಿ ಒರೆಸಿಕೊಳ್ಳಿ. ಬೆರಳು ಒದ್ದೆಯಾಗಿದ್ದರೆ ಲೆನ್ಸ್ ಕಣ್ಣಿಗೆ ಅಂಟುವ ಬದಲು ಬೆರಳಿಗೇ ಅಂಟಿಕೊಳ್ಳುತ್ತದೆ. ತೋರುಬೆರಳ ತುದಿಯಲ್ಲಿಟ್ಟ ಲೆನ್ಸನ್ನು ಬೆಳಕಿಗೆ ಹಿಡಿದು ಪಕ್ಕದಿಂದ ನೋಡಿದಾಗ ಅಂಚು ನೆಟ್ಟಗೆ ಮೇಲೆದ್ದು ಪುಟ್ಟ ಬಟ್ಟಲಿನಂತೆ ಕಂಡರೆ ಸರಿ. ಅಂಚು ತಟ್ಟೆಯಂತೆ ಹೊರಕ್ಕೆ ಬಾಗಿದ್ದರೆ ಅದು ಮಗುಚಿದೆ. ಕಣ್ಣಿಗೆ ಕೂರಿಸಿದ ಮೇಲೆ ಹದಿನೈದು ಇಪ್ಪತ್ತು ನಿಮಿಷ ಬಿಟ್ಟು ಮತ್ತೆ ಪರೀಕ್ಷಿಸಬೇಕು. ರೆಪ್ಪೆ ಮಿಟುಕಿಸಿದಾಗ ಲೆನ್ಸ್ ತುಸು ಸರಿದು ಮತ್ತೆ ಸ್ವಸ್ಥಾನಕ್ಕೆ ಬರಬೇಕು: ಸರಿಯದೇ ಇದ್ದರೆ ಬಿಗಿ, ತೀರಾ ಜಾರಿದರೆ ಸಡಿಲ. ‘ಸ್ವಲ್ಪ ದಿನ ಹಾಕಿ, ಅಭ್ಯಾಸವಾಗುತ್ತದೆ’ ಎಂಬ ಮಾತನ್ನು ಇಲ್ಲಿ ಒಪ್ಪಬೇಡಿ. ಚುಚ್ಚುವ ಲೆನ್ಸನ್ನು ತೆಗೆಸಿ ಬೇರೆ ಅಳತೆಯದನ್ನು ಕೇಳಿ. ಕಣ್ಣಿನ ಬಾಗು ಎಲ್ಲ ದಿಕ್ಕಿಗೂ ಒಂದೇ ಸಮನಿಲ್ಲದೆ ಸಿಲಿಂಡರ್ ಪವರ್ ಇದ್ದವರಿಗೆ ಅದಕ್ಕೆಂದೇ ಮಾಡಿದ ಟೋರಿಕ್ ಲೆನ್ಸ್ ಬೇಕಾಗಬಹುದು, ಅದು ಕಣ್ಣಿನಲ್ಲಿ ತಿರುಗದೆ ನಿಲ್ಲುತ್ತದೆಯೇ ಎಂಬುದನ್ನೂ ನೋಡಬೇಕು. ಹಾಕುವುದು, ತೆಗೆಯುವುದು ಎರಡನ್ನೂ ನಿಮ್ಮ ಕೈಯಿಂದಲೇ ಹಲವು ಬಾರಿ ಮಾಡಿ ತೋರಿಸಿದ ಮೇಲೆಯೇ ಎದ್ದು ಬನ್ನಿ. ಹಾಕಲು ಬಂದು ತೆಗೆಯಲು ಬಾರದೆ ರಾತ್ರಿ ಹತ್ತಕ್ಕೆ ಕನ್ನಡಿ ಮುಂದೆ ನಿಲ್ಲುವ ಸಂಕಟ ನನಗೆ ಗೊತ್ತಿದೆ.

ಲೆನ್ಸಿನ ಚೀಟಿಯಲ್ಲಿ ಪವರಿನ ಜೊತೆಗೆ 8.6 ಮಿಲಿಮೀಟರಿನಂಥ ಬಾಗಿನ ಅಳತೆ, 14.2 ಮಿಲಿಮೀಟರಿನಂಥ ವ್ಯಾಸ, ಬ್ರಾಂಡಿನ ಹೆಸರು, ಎಷ್ಟು ದಿನಕ್ಕೊಮ್ಮೆ ಬದಲಿಸಬೇಕು ಎಂಬುದೆಲ್ಲ ಬರೆಸಿಕೊಳ್ಳಿ. ಬಣ್ಣಕ್ಕಾಗಿ ಹಾಕುವ ಪವರ್ ಇಲ್ಲದ ಲೆನ್ಸಿಗೂ ಇದೇ ನಿಯಮ.

ನಮ್ಮ ಕಡೆಯವರು ತೋಟದ ಕೆಲಸದ ಬಗ್ಗೆ ವೈದ್ಯರಿಗೆ ಬಿಡಿಸಿ ಹೇಳಬೇಕು. ತುತ್ತ, ಸುಣ್ಣದ ಬೋರ್ಡೋ ದ್ರಾವಣ ಹೊಡೆಯುವ ದಿನ, ನೆರಳಿನ ಮರದ ಕೊಂಬೆ ಕಡಿಯುವ ಮರಗಸಿಯ ದಿನ, ಕಾಫಿ ಕಣದಲ್ಲಿ ದೂಳೇಳುವ ದಿನ ಲೆನ್ಸ್ ಬಿಟ್ಟು ಕನ್ನಡಕವನ್ನೇ ಹಾಕಿಕೊಳ್ಳುವುದು ಒಳ್ಳೆಯದು. ಎಲೆ, ಕಡ್ಡಿ ಗೀರಿದ ಕಣ್ಣಿಗೆ ಶಿಲೀಂಧ್ರದ ಸೋಂಕು ತಗಲುವ ಅಪಾಯವಿದೆ. ಬಾವಿಯ ನೀರಾಗಲಿ, ನಲ್ಲಿಯ ನೀರಾಗಲಿ, ಕಾಯಿಸಿ ಆರಿಸಿದ ನೀರಾಗಲಿ ಲೆನ್ಸಿಗೆ ಸೋಕಬಾರದು. ನೀರಿನಲ್ಲಿರುವ ಅಕಾಂತಮೀಬಾ ಎಂಬ ಏಕಕೋಶ ಜೀವಿ ಕಾರ್ನಿಯಾವನ್ನೇ ತಿನ್ನಬಲ್ಲದು. ಲೆನ್ಸ್ ನೆನೆಸಿಡುವ ದ್ರಾವಣವನ್ನು ದಿನವೂ ಹೊಸದಾಗಿ ಹಾಕಿ, ಲೆನ್ಸಿಡುವ ಡಬ್ಬಿಯನ್ನು ಮೂರು ತಿಂಗಳಿಗೊಮ್ಮೆ ಬದಲಿಸಿ, ಮಲಗುವ ಮುನ್ನ ಲೆನ್ಸ್ ತೆಗೆಯಿರಿ. ಕಣ್ಣು ಕೆಂಪಾಗಿ ನೋವು ಬಂದರೆ ಲೆನ್ಸ್ ತೆಗೆದಿಟ್ಟು ಅದೇ ದಿನ ವೈದ್ಯರಲ್ಲಿಗೆ ಹೋಗಿ, ಮೆಡಿಕಲ್ ಶಾಪಿನ ಹನಿಮದ್ದು ತಂದು ಹಾಕಿಕೊಳ್ಳಬೇಡಿ.

ಸುಮಾರು ಒಂದು ವಾರದ ನಂತರ ಮರುಪರೀಕ್ಷೆಗೆ ಕರೆಯುತ್ತಾರೆ. ಕಣ್ಣು ಆರಾಮವಾಗಿದ್ದರೆ ಆ ದಿನ ಲೆನ್ಸನ್ನು ಮೂರು ನಾಲ್ಕು ಗಂಟೆ ಮೊದಲೇ ಹಾಕಿಕೊಂಡು ಹೋಗಿ, ಹೊತ್ತು ಕಳೆದಂತೆ ಅದು ಕಣ್ಣಿನಲ್ಲಿ ಹೇಗೆ ಕೂತಿದೆ ಎಂಬುದು ಆಗ ಕಾಣುತ್ತದೆ. ಪಾಪೆ ಹಿಗ್ಗಿಸುವ ಹನಿ ಹಾಕುವುದಿದ್ದರೆ ಕೆಲವು ಗಂಟೆ ಹತ್ತಿರದ್ದು ಮಸುಕಾಗಿ, ಬಿಸಿಲು ಕಣ್ಣಿಗೆ ಕುಕ್ಕುವುದರಿಂದ ಬೈಕ್ ತೆಗೆದುಕೊಂಡು ಹೋಗಬೇಡಿ.