ಒಂದೇ ನಕ್ಷೆಯಲ್ಲಿ ಮನೆ ಕಟ್ಟಿಸಿದ್ದು

ಬೆಂಗಳೂರಿನಲ್ಲಿ ಮನೆ ಕಟ್ಟಿಸುವ ಅನೇಕರ ಬಳಿ ಎರಡು ನಕ್ಷೆಗಳಿರುತ್ತವೆ: ಪಾಲಿಕೆಗೊಂದು, ಮೇಸ್ತ್ರಿಗೊಂದು. ವಿಜಯನಗರದ ನಮ್ಮ 40×60 ನಿವೇಶನಕ್ಕೆ ಒಂದೇ ನಕ್ಷೆ ಸಾಕೆಂದು ನಾನು ಹಟ ಹಿಡಿದೆ. ಇದರಲ್ಲಿ ದೊಡ್ಡ ಆದರ್ಶವೇನೂ ಇರಲಿಲ್ಲ. ಮನೆ ಮಂಜೂರಾದ ನಕ್ಷೆಯಂತೆಯೇ ಇದೆಯೆಂದು ನೋಡಿ ಪಾಲಿಕೆ ಕೊಡುವ ಸ್ವಾಧೀನಾನುಭವ ಪತ್ರ, ಅಂದರೆ ಒಸಿ, ತೋರಿಸಿದ ಮೇಲೆಯೇ ಕಾಯಂ ವಿದ್ಯುತ್, ನೀರಿನ ಸಂಪರ್ಕ ಕೊಡಬೇಕೆಂದು ಸುಪ್ರೀಂ ಕೋರ್ಟ್ 2024ರ ಡಿಸೆಂಬರ್ 17ರಂದು ಹೇಳಿತ್ತು. ಕತ್ತಲೆಯ ಮನೆಗೆ ಗೃಹಪ್ರವೇಶ ಮಾಡಿಸುವ ಆಸೆ ನನಗಿರಲಿಲ್ಲ.

ನಕ್ಷೆ ಮಂಜೂರಾತಿ ಜನ ಹೆದರಿಸುವಷ್ಟು ಕಷ್ಟವಾಗಲಿಲ್ಲ. ಪಾಲಿಕೆಯ ನಕ್ಷೆ ಮಂಜೂರಾತಿ ಯೋಜನೆಯಾದ ‘ನಂಬಿಕೆ ನಕ್ಷೆ’ಯಡಿ ನೋಂದಾಯಿತ ಎಂಜಿನಿಯರ್ ಆನ್‌ಲೈನಿನಲ್ಲೇ ಅರ್ಜಿ ಹಾಕಿದರು. ಕ್ರಯಪತ್ರ, ಇ-ಖಾತೆ, ತೆರಿಗೆ ರಸೀದಿ ಮೂರರಲ್ಲೂ ಹೆಸರಿನ ಕಾಗುಣಿತ ಮತ್ತು ನಿವೇಶನದ ಅಳತೆ ತಾಳೆಯಾಗುತ್ತವೆಯೇ ಎಂದು ಮೊದಲೇ ನೋಡಿಕೊಂಡಿದ್ದೆವು. ಅರ್ಜಿ ಹಾಕಿದ್ದು ಬಿಬಿಎಂಪಿಗೆ. ಮನೆ ಮುಗಿಯುವಷ್ಟರಲ್ಲಿ ನಗರವೇ ಐದು ಪಾಲಿಕೆಗಳಾಗಿತ್ತು!

ನಿಜವಾದ ಪರೀಕ್ಷೆ ಮಾರ್ಕಿಂಗ್ ದಿನ, ಅಂದರೆ ಕಟ್ಟಡದ ಗುರುತನ್ನು ನೆಲದ ಮೇಲೆ ಹಾಕುವ ದಿನ. ಪಕ್ಕದವರ ಕಾಂಪೌಂಡನ್ನೇ ಗಡಿಯೆಂದುಕೊಂಡು ದಾರ ಕಟ್ಟಲು ಮೇಸ್ತ್ರಿ ಹೊರಟಿದ್ದ. ನಾನು ಕ್ರಯಪತ್ರದ ಚಕ್ಕುಬಂದಿ ಹಿಡಿದು, ಬಡಾವಣೆಯ ಗಡಿಕಲ್ಲಿನಿಂದ ಟೇಪ್ ಎಳೆಸಿದೆ. ಆ ಕಾಂಪೌಂಡು ನಾಲ್ಕು ಇಂಚು ನಮ್ಮೊಳಗೆ ಬಂದಿತ್ತು. ಅದನ್ನು ಒಡೆಸುತ್ತ ಕೂತರೆ ಕೋರ್ಟು ಕಚೇರಿಯಲ್ಲೇ ಆಯುಷ್ಯ ಕಳೆಯಬೇಕು; ಇದ್ದ ಗೋಡೆಯಿಂದಲೇ ಸೆಟ್‌ಬ್ಯಾಕ್ (ಮನೆಯ ಸುತ್ತ ಖಾಲಿ ಬಿಡಬೇಕಾದ ಜಾಗ) ಲೆಕ್ಕ ಹಾಕಿ, ನಕ್ಷೆಯನ್ನು ತಿದ್ದಿಸಿ, ಮಲಗುವ ಕೋಣೆಯನ್ನು ಅಷ್ಟು ಕಿರಿದು ಮಾಡಿದೆವು. ಹೊರಗೋಡೆಯ ಗಾರೆ, ಅದರ ಮೇಲಿನ ಕಲ್ಲಿನ ಹೊದಿಕೆ ಸೇರಿ ಎರಡು ಇಂಚನ್ನು ಸುಲಭವಾಗಿ ನುಂಗುತ್ತವೆ. ಹಾಗಾಗಿ ಕಾಲಂಗಳನ್ನೇ ಒಳಕ್ಕೆ ಸರಿಸಿದೆವು. ಕಂಬ ಎದ್ದ ಮೇಲೆ ಯಾವ ಎಂಜಿನಿಯರನಿಗೂ ಅದನ್ನು ಸರಿಸಲು ಬರುವುದಿಲ್ಲ.

“ಸರ್, ಬಾಲ್ಕನಿ ಒಂದಡಿ ಮುಂದೆ ತೆಗೆದುಕೊಳ್ಳೋಣ, ಬೀದಿಯಲ್ಲಿ ಎಲ್ಲರದೂ ಹಾಗೆಯೇ ಇದೆ” ಎಂದು ಕಂಟ್ರಾಕ್ಟರ್ ಪ್ರತಿ ಮಹಡಿಯಲ್ಲೂ ಕೇಳುತ್ತಿದ್ದರು. ಪಾಪ, ಬೇರೆ ಮಾಲೀಕರು ಅದಕ್ಕಾಗಿಯೇ ಅವರನ್ನು ಮೆಚ್ಚಿರಬೇಕು. ಮಂಜೂರಾದ ನಕ್ಷೆಯನ್ನು ಕೆಲಸ ನಡೆಯುವಲ್ಲಿ ಪ್ರದರ್ಶಿಸಬೇಕೆಂಬುದೂ ಸುಪ್ರೀಂ ಕೋರ್ಟಿನ ಅದೇ ತೀರ್ಪಿನಲ್ಲಿದೆ. ನಾನು ಅದನ್ನು ದೊಡ್ಡದಾಗಿ ಮುದ್ರಿಸಿ, ಸಿಮೆಂಟ್ ಶೆಡ್ಡಿನ ಬಾಗಿಲಿಗೆ ಹೊಡೆಸಿದೆ. ಆಮೇಲೆ ವಾದ ಬಂದಾಗಲೆಲ್ಲ ಇಬ್ಬರೂ ಆ ಬಾಗಿಲಿನ ಮುಂದೆ ಹೋಗಿ ನಿಲ್ಲುತ್ತಿದ್ದೆವು. ಗೆದ್ದದ್ದು ಹೆಚ್ಚಾಗಿ ಬಾಗಿಲೇ.

ಒಸಿಗಾಗಿ ಪರಿಶೀಲನೆಗೆ ಬಂದ ಎಂಜಿನಿಯರ್ ಹಜಾರದ ಗ್ರಾನೈಟ್ ಕಡೆ ಕಣ್ಣೆತ್ತಿಯೂ ನೋಡಲಿಲ್ಲ. ನೇರವಾಗಿ ಪಕ್ಕದ ಓಣಿಗೆ ಹೋಗಿ, ಗೋಡೆ ಅತಿ ಹೆಚ್ಚು ಉಬ್ಬಿದಂತೆ ಕಂಡ ಕಡೆಯೇ ಟೇಪ್ ಇಟ್ಟರು. ಬಳಿಕ ಪಾರ್ಕಿಂಗ್ ಜಾಗ, ಬಾಲ್ಕನಿ, ಮೆಟ್ಟಿಲು. ಮಳೆನೀರು ಸಂಗ್ರಹಕ್ಕೆ ಎಲ್ಲಿ ವ್ಯವಸ್ಥೆ ಮಾಡಿದ್ದೀರಿ ಎಂದು ಕೇಳಿದಾಗ ಇಂಗುಗುಂಡಿಯ ಮೇಲೆ ಆಗಲೇ ಚಪ್ಪಡಿ ಮುಚ್ಚಿತ್ತು. ಜಲ್ಲಿ ತುಂಬುವಾಗ, ಪೈಪ್ ಜೋಡಿಸುವಾಗ ಮೊಬೈಲಿನಲ್ಲಿ ತೆಗೆದಿಟ್ಟ ಚಿತ್ರಗಳನ್ನು ತೋರಿಸಿದೆ. ಚಪ್ಪಡಿ ಎಬ್ಬಿಸುವ ಕೆಲಸ ತಪ್ಪಿತು.