ತಾಳಿಕೋಟೆ ನಡೆಯಲೇಬೇಕೇ? ಇತಿಹಾಸದ ಗೇಮ್‌ಗೆ ಮಾಡ್ ಬರೆಯುವ ಬಗೆ

ಸ್ವೀಡನ್ನಿನ ಪ್ಯಾರಡಾಕ್ಸ್ ಸಂಸ್ಥೆಯ ‘ಯುರೋಪಾ ಯೂನಿವರ್ಸಾಲಿಸ್ 4’ ಎಂಬ ಕಂಪ್ಯೂಟರ್ ಗೇಮ್ ಆರಂಭವಾಗುವುದು 1444ರ ನವೆಂಬರ್ 11ರಂದು. ಆಗ ವಿಜಯನಗರವನ್ನು ಆಳುತ್ತಿದ್ದವನು ಪ್ರೌಢದೇವರಾಯ, ಉತ್ತರದಲ್ಲಿ ಬಹಮನಿಗಳು. ಅಲ್ಲಿಂದ 1821ರವರೆಗೆ ರಾಜ್ಯಭಾರ ಆಟಗಾರನದು. ಅವನು ದೆಹಲಿಯವರೆಗೆ ದಂಡೆತ್ತಿ ಹೋಗಬಹುದು, 1565ರ ತಾಳಿಕೋಟೆಯ ಸೋಲನ್ನೂ ತಪ್ಪಿಸಿಕೊಳ್ಳಬಹುದು. ಆದರೆ ಎರಡೂ ಸಲೀಸಾಗಿ ಆಗಿಬಿಟ್ಟರೆ ವಿಜಯನಗರವೆಂಬುದು ನಕ್ಷೆಯ ಮೇಲಿನ ಬರೀ ಬಣ್ಣವಾಗುತ್ತದೆ. ಈ ಗೇಮ್‌ಗೆ ಮಾಡ್, ಅಂದರೆ ಆಟದ ನಡೆಯನ್ನು ಬದಲಿಸುವ ಫೈಲುಗಳನ್ನು, ಬರೆಯಲು ಹೊರಟವರು ಹೀಗೆ ಮುಂದುವರಿಯಬಹುದು.

ಮೊದಲು, ಘಟನೆಯ ತಾರೀಖನ್ನು ಬದಿಗಿಟ್ಟು ಕಾರಣಗಳನ್ನು ಬರೆದುಕೊಳ್ಳಿ. 2001ರ ‘ಯುರೋಪಾ ಯೂನಿವರ್ಸಾಲಿಸ್ 2’ರಲ್ಲಿ ಬಹುಪಾಲು ಘಟನೆಗಳನ್ನು ಇಸವಿಗೆ ಕಟ್ಟಲಾಗಿತ್ತು, ನಾಲ್ಕನೆಯ ಆವೃತ್ತಿ ಷರತ್ತುಗಳನ್ನು ನೆಚ್ಚಿಕೊಂಡಿದೆ. ಈ ಬದಲಾವಣೆಯೇ ಸರಿ ಎಂಬುದು ನನ್ನ ಖಚಿತ ಅಭಿಪ್ರಾಯ. ತಾಳಿಕೋಟೆಯನ್ನೇ ನೋಡಿ. ಅಳಿಯ ರಾಮರಾಯ ಒಬ್ಬ ಸುಲ್ತಾನನನ್ನು ಇನ್ನೊಬ್ಬನ ಮೇಲೆ ಎತ್ತಿಕಟ್ಟುತ್ತ ಬಂದ. ಬಿಜಾಪುರ ಮತ್ತು ಅಹ್ಮದ್‌ನಗರಗಳ ನಡುವೆ ಸೊಲ್ಲಾಪುರ ಕೋಟೆಯ ಜಗಳವಿರುವವರೆಗೆ ಆ ತಂತ್ರ ನಡೆಯಿತು. ಅಹ್ಮದ್‌ನಗರದ ಚಾಂದ್‌ಬೀಬಿಯನ್ನು ಅಲಿ ಆದಿಲ್‌ಶಾಹನಿಗೆ ಕೊಟ್ಟು, ಸೊಲ್ಲಾಪುರವನ್ನು ಬಳುವಳಿಯಾಗಿ ಬಿಟ್ಟುಕೊಟ್ಟಾಗ ಜಗಳ ಮುಗಿಯಿತು; ಗೋಲ್ಕೊಂಡ, ಬೀದರ್‌ಗಳೂ ಜೊತೆಗೂಡಿದವು.

ಎರಡನೆಯದು, ಈ ಕಾರಣಗಳನ್ನೇ ಷರತ್ತುಗಳಾಗಿಸಿ. ಬಹಮನಿ ರಾಜ್ಯ ಒಡೆದು ಈ ಸುಲ್ತಾನರ ರಾಜ್ಯಗಳು ಹುಟ್ಟಿರಬೇಕು. ಕನಿಷ್ಠ ಇಬ್ಬರು ಸುಲ್ತಾನರು ವಿಜಯನಗರಕ್ಕೆ ನೆಲ ಕಳೆದುಕೊಂಡಿರಬೇಕು. ಅವರಲ್ಲಿ ಮದುವೆಯ ನಂಟು ಬೆಳೆದಿರಬೇಕು. ಮೂರೂ ಕೂಡಿಬಂದ ಕೂಡಲೇ ಯುದ್ಧ ಸಿಡಿಯಕೂಡದು. ಸುಮಾರು ಐದು ವರ್ಷದ ಬಿಡುವು ಇಡಿ, ಮದುವೆಯ ಸುದ್ದಿಯೂ ಆಟಗಾರನಿಗೆ ಮುಟ್ಟಲಿ. ಅಷ್ಟರಲ್ಲಿ ಅವನು ಒಂದು ಕೋಟೆ ಬಿಟ್ಟುಕೊಟ್ಟು ಒಬ್ಬ ಸುಲ್ತಾನನನ್ನು ಒಲಿಸಿಕೊಂಡರೆ ಒಕ್ಕೂಟ ಮುರಿಯಲಿ. ಆಟಗಾರನ ಸ್ವಾತಂತ್ರ್ಯವಿರುವುದು ಈ ಐದು ವರ್ಷಗಳಲ್ಲಿ.

ನಿಷೇಧ ಹೇರಬೇಡಿ, ಬೆಲೆ ಕಟ್ಟಿ. ವಿಜಯನಗರದ ಅಶ್ವದಳ ಅರೇಬಿಯಾ, ಪರ್ಷಿಯಾಗಳಿಂದ ಹಡಗಿನಲ್ಲಿ ಬರುತ್ತಿದ್ದ ಕುದುರೆಗಳನ್ನು ನೆಚ್ಚಿತ್ತು. ಭಟ್ಕಳದಂಥ ಬಂದರುಗಳ ಮಹತ್ವ ಅದರಿಂದಲೇ. 1510ರಲ್ಲಿ ಗೋವಾ ಪೋರ್ಚುಗೀಸರ ಪಾಲಾದ ಮೇಲೆ ಈ ವ್ಯಾಪಾರದ ಮೇಲೆ ಅವರ ಹಿಡಿತ ಬಿಗಿಯಾಯಿತು. ಆಟದಲ್ಲೂ ಕರಾವಳಿ ಕೈಬಿಟ್ಟವನಿಗೆ ಕುದುರೆ ದುಬಾರಿಯಾಗಲಿ. ಸ್ವಂತ ನೌಕಾಪಡೆ ಕಟ್ಟುತ್ತೇನೆಂದರೆ ಕಟ್ಟಲಿ, ಅದಕ್ಕೆ ತಗಲುವ ಹಣವನ್ನೂ ವರ್ಷಗಳನ್ನೂ ತೆರಲಿ.

ಕಂಪ್ಯೂಟರ್ ನಡೆಸುವ ರಾಜ್ಯಗಳ ಲೆಕ್ಕ ಬೇರೆ. ಪ್ರತಿ ಆಯ್ಕೆಗೂ ಅದು ಎಷ್ಟು ಒಲವು ತೋರಬೇಕೆಂದು ಫೈಲಿನಲ್ಲೇ ಬರೆಯಬಹುದು. ಚರಿತ್ರೆಯಲ್ಲಿ ನಡೆದ ದಾರಿಗೆ ಹೆಚ್ಚು ತೂಕ ಕೊಡಿ. ಇದೇ ಸಂಸ್ಥೆಯ ಇನ್ನೊಂದು ಗೇಮ್ ‘ಹಾರ್ಟ್ಸ್ ಆಫ್ ಐರನ್ 4’ರಲ್ಲಿ ಕಂಪ್ಯೂಟರ್ ಇತಿಹಾಸದ ಜಾಡು ಹಿಡಿಯಬೇಕೇ ಬೇಡವೇ ಎಂಬುದನ್ನು ಆಟಗಾರನೇ ಮೊದಲು ಆರಿಸಿಕೊಳ್ಳಬಹುದು.

ಇನ್ನು ಪರೀಕ್ಷೆ. ಯಾರೂ ಆಡದೆ, ವೀಕ್ಷಕ ಸ್ಥಿತಿಯಲ್ಲಿ ಆಟವನ್ನು 1600ರವರೆಗೆ ಹಲವು ಸಲ ಓಡಲು ಬಿಡಿ. ಪ್ರತಿ ಸಲವೂ ಹಂಪಿ ಬಿದ್ದರೆ ನಿಮ್ಮ ಷರತ್ತುಗಳು ತಾರೀಖಿನ ಕೆಲಸವನ್ನೇ ಮಾಡುತ್ತಿವೆ. ಒಮ್ಮೆಯೂ ಬೀಳದಿದ್ದರೆ ಒಕ್ಕೂಟದ ಬಲ ಸಾಲದು. ಎಲ್ಲಕ್ಕಿಂತ ಮುಖ್ಯವಾಗಿ ಬಹಮನಿಯತ್ತ ಕಣ್ಣಿಡಿ: 1481ರಲ್ಲಿ ಮಹಮೂದ್ ಗವಾನನ ಕೊಲೆಯ ಬಳಿಕ ಆ ರಾಜ್ಯ ಕುಸಿಯತೊಡಗಿತು, ಅದು ಒಡೆಯದಿದ್ದರೆ ಮುಂದಿನ ಯಾವ ಷರತ್ತೂ ಪೂರೈಸುವುದಿಲ್ಲ.

ಆಟಗಾರ 1480ಕ್ಕೆ ಮೊದಲೇ ಬಹಮನಿಗಳ ರಾಜಧಾನಿ ಬೀದರನ್ನು ಗೆದ್ದುಬಿಟ್ಟರೆ? ಆಗ ತಾಳಿಕೋಟೆಯನ್ನು ಬಲವಂತವಾಗಿ ತುರುಕಬೇಡಿ. ಅಷ್ಟು ದೊಡ್ಡ ಸಾಮ್ರಾಜ್ಯಕ್ಕೆ ಒಳಗಿನ ನಾಯಕರೇ ಸವಾಲಾಗುತ್ತಾರೆ. ಮಧುರೆ, ಜಿಂಜಿ, ತಂಜಾವೂರು, ಕೆಳದಿಗಳ ನಾಯಕರಿಗೆ ಮುಂದೆ ಬಂದ ಸ್ವತಂತ್ರ ಆಳ್ವಿಕೆಯ ಆಸೆಯನ್ನು ಇಲ್ಲಿ ಬೇಗನೆ ಹುಟ್ಟಿಸಿ, ಅದರ ಷರತ್ತುಗಳನ್ನು ಬರೆಯಲು ಕುಳಿತುಕೊಳ್ಳಿ.