ಸುಲಭದ ಪದಗಳಲ್ಲೇ ನಾನು ಎಡವಿದ್ದು

ತುಮಕೂರು ಸೀಮೆಯ ಬೆಳೆ, ದನಕರು, ತೋಟಗಳ ಬಗ್ಗೆ ಒಬ್ಬ ಬ್ರಿಟಿಷ್ ಅಧಿಕಾರಿ ಬರೆದಿದ್ದ ವರದಿ ಅದು. ಟಿಪ್ಪು 1799ರಲ್ಲಿ ಸತ್ತ ಮೇಲೆ ಮೈಸೂರು ಸೀಮೆಯನ್ನು ಅಳೆದು ಬರೆದಿಡುವ ಕೆಲಸ ಜೋರಾಗಿ ನಡೆದಿತ್ತಲ್ಲ, ಆ ಕಾಲದ್ದು. ಹನ್ನೆರಡು ಪುಟ ಕನ್ನಡಕ್ಕೆ ಮಾಡಿಕೊಡಬೇಕಿತ್ತು. ಗೊತ್ತಿಲ್ಲದ ಪದಕ್ಕೆಲ್ಲ ನಿಘಂಟು ನೋಡಿದೆ. ಗೊತ್ತಿದ್ದದ್ದಕ್ಕೆ ಯಾರು ನೋಡ್ತಾರೆ? ಒಂದು ವಾರದಲ್ಲಿ ಮುಗಿಸಿ, ಊರಲ್ಲಿರುವ ಸೋದರಮಾವನಿಗೆ ಓದೋಕೆ ಕೊಟ್ಟೆ.

ಮಾವ ಮೂರನೇ ಪುಟಕ್ಕೇ ನಿಂತರು. "ಅಲ್ಲ ಕಣೋ, ಇನ್ನೂರು ವರ್ಷದ ಹಿಂದೆ ಊರಿಗೂರೇ ಮುಸುಕಿನ ಜೋಳ ತಿಂತಿತ್ತಾ? ರಾಗಿ ಎಲ್ಲಿ ಹೋಯ್ತು?"

ಮೂಲದಲ್ಲಿದ್ದ ಪದ 'ಕಾರ್ನ್'. ಸಿನಿಮಾ ಥಿಯೇಟರಿನ ಪಾಪ್‌ಕಾರ್ನ್ ನೋಡಿ ಬೆಳೆದ ನನಗೆ ಬೇರೆ ಅರ್ಥ ಹೊಳೆಯಲೇ ಇಲ್ಲ. ಆದರೆ ಆಗಿನ ಬ್ರಿಟಿಷರಿಗೆ ಕಾರ್ನ್ ಅಂದರೆ ಸುಮ್ನೆ ಧಾನ್ಯ. ಇಂಗ್ಲೆಂಡಿನಲ್ಲಿ ಹೆಚ್ಚಾಗಿ ಗೋಧಿಗೆ, ಸ್ಕಾಟ್ಲೆಂಡಿನಲ್ಲಿ ಓಟ್ಸ್‌ಗೆ ಹಾಗೆ ಅನ್ನುತ್ತಿದ್ದರು. ಅಮೆರಿಕದಿಂದ ಬಂದ ಜೋಳಕ್ಕೆ 'ಇಂಡಿಯನ್ ಕಾರ್ನ್' ಅಂತಲೇ ಬೇರೆ ಹೆಸರಿತ್ತು. ಅಮೆರಿಕದವರು ಮುಂದಿನ 'ಇಂಡಿಯನ್' ಬಿಟ್ಟರು, 'ಕಾರ್ನ್' ಮಾತ್ರ ಉಳಿಯಿತು. ಕಾರ್ನ್‌ನ ಹಳೆಯ ಅರ್ಥ ಇನ್ನೂ ಕಾಣಬೇಕಾದರೆ 'ಪೆಪ್ಪರ್‌ಕಾರ್ನ್' ನೋಡಿ, ಅಲ್ಲಿರುವುದು ಮೆಣಸಿನ ಕಾಳು. ಉಪ್ಪು ಹಾಕಿಟ್ಟ ದನದ ಮಾಂಸ 'ಕಾರ್ನ್ಡ್ ಬೀಫ್'ನಲ್ಲಿ ಕೂಡ ಜೋಳ ಇಲ್ಲ, ಇರುವುದು ಉಪ್ಪಿನ ಹರಳು. (ಈ ಪದದ ಬೇರು ಹುಡುಕಿಕೊಂಡು ಹೋದರೆ ಅದೇ ಬೇರಿನಿಂದ ಬಂದ ಸಂಸ್ಕೃತದ 'ಜೀರ್ಣ'ವೂ ಸಿಗುತ್ತದೆ. ಸವೆದದ್ದು, ಪುಡಿಯಾದದ್ದು.)

ಅವತ್ತೇ ಕೂತು ಹನ್ನೆರಡೂ ಪುಟ ಮತ್ತೆ ಮೊದಲಿಂದ ತೆಗೆದೆ. ಈ ಸಲ ಉಲ್ಟಾ ಮಾಡಿದೆ. ನನಗೆ ಚೆನ್ನಾಗಿ ಗೊತ್ತು ಅನಿಸಿದ ಪದಗಳ ಕೆಳಗೆ ಮಾತ್ರ ಪೆನ್ಸಿಲ್ ಗೆರೆ ಹಾಕಿದೆ. ಆಮೇಲೆ ಸ್ಯಾಮ್ಯುಯೆಲ್ ಜಾನ್ಸನ್ 1755ರಲ್ಲಿ ಹೊರತಂದ ನಿಘಂಟು ತೆರೆದೆ. ಅದು ಆನ್‌ಲೈನಿನಲ್ಲಿ ಪುಕ್ಕಟೆ ಸಿಗುತ್ತದೆ. ವರದಿ ಬರೆದ ಮನುಷ್ಯನ ತಲೆಯಲ್ಲಿದ್ದ ಇಂಗ್ಲಿಷಿಗೆ ನಮ್ಮ ಮೇಜಿನ ಮೇಲಿನ ನಿಘಂಟಿಗಿಂತ ಇದೇ ಹತ್ತಿರ. ಅನುಮಾನ ಉಳಿದರೆ ಆಕ್ಸ್‌ಫರ್ಡಿನ ದೊಡ್ಡ ನಿಘಂಟು. 1884ರಲ್ಲಿ ಮೊದಲ ಕಂತು ಬಂದು, 1928ಕ್ಕೆ ಮುಗಿದ ಕೆಲಸ ಅದು. ಒಂದೊಂದು ಅರ್ಥಕ್ಕೂ ಇಸವಿ ಹಾಕಿದ ಉದಾಹರಣೆಗಳಿವೆ. ನಾನು ಮೊದಲು ಇಸವಿ ನೋಡುತ್ತೇನೆ, ಆಮೇಲೆ ಅರ್ಥ. 1800ರ ಆಚೆ ಈಚೆ ಉದಾಹರಣೆ ಇಲ್ಲದ ಅರ್ಥ ಎಷ್ಟೇ ಚೆನ್ನಾಗಿ ಹೊಂದಿದರೂ ಬಿಡುವುದೇ.

ಮುಂದಿನ ಗೆರೆ 'ಬ್ಲ್ಯಾಕ್ ಕ್ಯಾಟಲ್' ಕೆಳಗಿತ್ತು. ನಾನು 'ಕಪ್ಪು ದನ' ಅಂತ ಬರೆದು, ಆ ಸೀಮೆಯ ದನವೆಲ್ಲ ಕಪ್ಪೇ ಇತ್ತೇನೋ ಅಂದುಕೊಂಡಿದ್ದೆ. ಜಾನ್ಸನ್ ಹೇಳುವುದು ಇಷ್ಟೇ: ಎತ್ತು, ಗೂಳಿ, ಹಸು. ಬಣ್ಣದ ಮಾತೇ ಇಲ್ಲ. 'ಕ್ಯಾಟಲ್' ಒಂದೇ ಇದ್ದರೆ ಆಗ ಕುರಿ, ಕುದುರೆ ಎಲ್ಲ ಸೇರುತ್ತಿತ್ತು, ಅದಕ್ಕೇ ಈ ಜೋಡಿಪದ. ಕ್ಯಾಟಲ್ ಮೊದಲಿಗೆ ಪ್ರಾಣಿಯೂ ಅಲ್ಲ. ಅದು ಆಸ್ತಿ, 'ಕ್ಯಾಪಿಟಲ್'ನ ಒಡಹುಟ್ಟು. ಇದನ್ನು ಓದಿ ನಕ್ಕೆ. ನಮ್ಮ 'ದನ' ಬಂದದ್ದೂ 'ಧನ'ದಿಂದಲೇ ಅಲ್ವಾ!

'ನೈಸ್' ಇನ್ನೂ ತಮಾಷೆ. ಲ್ಯಾಟಿನ್‌ನಲ್ಲಿ ಏನೂ ತಿಳಿಯದವನು ಎಂಬ ಅರ್ಥದ ಪದ ಅದು. ಇಂಗ್ಲಿಷಿಗೆ ಬಂದಾಗ ದಡ್ಡ. ಆಮೇಲೆ ಅತಿ ನಾಜೂಕು, ಅಲ್ಲಿಂದ ಕೂದಲು ಸೀಳುವಷ್ಟು ಸೂಕ್ಷ್ಮ. 'ಚೆಂದ' ಅನ್ನುವ ಅರ್ಥ ತಡವಾಗಿ ಬಂತು. ವರದಿಯಲ್ಲಿದ್ದ 'ನೈಸ್' ಅಳತೆಯನ್ನು ನಾನು 'ಒಳ್ಳೆಯ ಅಳತೆ' ಮಾಡಿದ್ದೆ. ಅದು ಕರಾರುವಾಕ್ಕಾದ ಅಳತೆ. ನಮ್ಮ ಅಡುಗೆಮನೆಯಲ್ಲಿ "ಚಟ್ನಿ ನೈಸಾಗಿ ರುಬ್ಬು" ಅನ್ನುವಾಗ ಈ ಹಳೆಯ ಅರ್ಥದ ಪಕ್ಕದಲ್ಲೇ ಇದ್ದೇವೆ ಅಂತ ನನಗನಿಸುತ್ತದೆ. ಇದಕ್ಕೆ ಪುರಾವೆ ಕೇಳಬೇಡಿ.

'ವಾಂಟ್' ಬೇಗ ಸರಿಹೋಯಿತು. ಊರು ನೀರು ಬಯಸುತ್ತಿರಲಿಲ್ಲ, ಊರಲ್ಲಿ ನೀರಿನ ಕೊರತೆ ಇತ್ತು.

ತಿದ್ದಿದ ಪ್ರತಿ ತೆಗೆದುಕೊಂಡು ಮತ್ತೆ ಮಾವನ ಹತ್ತಿರ ಹೋದೆ. ರಾಗಿ ಪುಟಕ್ಕೆ ತಲೆಯಾಡಿಸಿದರು, ದನದ ಪುಟಕ್ಕೂ. ಒಂಬತ್ತನೇ ಪುಟದಲ್ಲಿ ಕನ್ನಡಕ ಮೇಲೇರಿಸಿ ನನ್ನ ಮುಖ ನೋಡಿದರು. 'ಗಾರ್ಡನ್' ಕೆಳಗೆ ನಾನು ಗೆರೆಯನ್ನೇ ಹಾಕಿರಲಿಲ್ಲ.

"ಅಡಿಕೆನ ಉದ್ಯಾನವನದಲ್ಲಿ ಬೆಳೀತಾರೇನೋ?"